ಕುದುರೆಯ ಸುಳಿ

ಶಿವಮೊಗ್ಗೆಯಿಂದ ಸಾಗರದ ದಾರಿಯಲ್ಲಿರುವ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದಿಂದ ಹಿಂದಿರುಗುವಾಗ ಮಕ್ಕಳಿಗೆ ಒಂದು ಸಂಗತಿಯನ್ನು ಹೇಳಿದೆನು: ಒಂದು ಹುಲಿಯ ಮೈಪಟ್ಟೆಯಂತೆ ಮತ್ತೊಂದರದು ಇರುವುದಿಲ್ಲ, ಪಟ್ಟೆಯಿಂದಲೇ ಅದರ ಗುರುತು. ಕೂಡಲೆ ಕಿರಿಯವನು, "ಹಾಗಾದರೆ ಕುದುರೆಗೆ?" ಎಂದನು. ಪ್ರಶ್ನೆ ಚಿಕ್ಕದು; ಇದಕ್ಕಾಗಿ ನ್ಯಾಯಸ್ಥಾನದ ಮೆಟ್ಟಿಲು ಹತ್ತಿದವರುಂಟು.

1844ರಲ್ಲಿ ಇಂಗ್ಲೆಂಡಿನ ಡರ್ಬಿ ಪಂದ್ಯವನ್ನು ರನ್ನಿಂಗ್ ರೈನ್ ಎಂಬ ಹೆಸರಿನ ಕುದುರೆಯು ಗೆದ್ದಿತು. ಪಂದ್ಯವು ಮೂರು ವರ್ಷದ ಕುದುರೆಗಳಿಗೆ ಮಾತ್ರ. ಗೆದ್ದದ್ದಾದರೋ ಮಕಾಬಿಯಸ್ ಎಂಬ ನಾಲ್ಕು ವರ್ಷದ್ದೆಂದು ಆಕ್ಷೇಪವೆದ್ದಿತು. ನ್ಯಾಯಾಧೀಶರು ಕುದುರೆಯನ್ನೇ ತಂದು ತೋರಿಸಿರೆಂದರು. ಹಲ್ಲು ನೋಡಿದರೆ ವಯಸ್ಸು ತಿಳಿಯುವುದಷ್ಟೆ! ಕುದುರೆ ಬರಲೇ ಇಲ್ಲ. ಬಹುಮಾನವು ಎರಡನೆಯದಾಗಿ ಬಂದ ಆರ್ಲಾಂಡೊವಿಗೆ ಸಂದಿತು.

ನಮ್ಮ ದೇಶದ ಪಂದ್ಯದ ಕುದುರೆಗಳ ವಂಶಾವಳಿಯ ದಫ್ತರವು ಪುಣೆಯಲ್ಲಿದೆ. ಮರಿಯ ತಂದೆತಾಯಿಗಳನ್ನು ಡಿ.ಎನ್.ಎ. ಪರೀಕ್ಷೆಯಿಂದ ನಿಶ್ಚಯಿಸುವರು, ಅದರ ಕತ್ತಿನೊಳಗೆ ಅಕ್ಕಿಕಾಳಿನಂಥ ಮೈಕ್ರೋಚಿಪ್ಪನ್ನು ಇರಿಸುವರು. ಅದರಲ್ಲಿ 15 ಅಂಕಿಗಳ ಒಂದು ಸಂಖ್ಯೆ. ಇದಲ್ಲದೆ ಕುದುರೆಗೊಂದು ಪಾಸ್‌ಪೋರ್ಟು. ಅದರಲ್ಲಿ ಮೈಬಣ್ಣ, ಹಣೆಯ ಬೊಟ್ಟು, ಕಾಲಿನ ಬಿಳುಪು, ಇವುಗಳೊಡನೆ ಸುಳಿಗಳ ವಿವರ.

ಸುಳಿಯೆಂದೊಡನೆ ನಮ್ಮ ಹಿರಿಯರು ನೆನಪಾಗುವರು. ಎತ್ತನ್ನಾಗಲಿ ಕುದುರೆಯನ್ನಾಗಲಿ ಕೊಳ್ಳುವಾಗ ಅವರು ಮೊದಲು ನೋಡುತ್ತಿದ್ದುದು ಸುಳಿಯನ್ನೇ. ಈ ಸುಳಿ ಮನೆಗಾಗದು, ಆ ಸುಳಿ ಭಾಗ್ಯವನ್ನು ತರುವುದು ಎಂದು ಮೂಕಪ್ರಾಣಿಯ ಮೇಲೆ ತಮ್ಮ ಅದೃಷ್ಟವನ್ನೆಲ್ಲ ಹೊರಿಸುತ್ತಿದ್ದರು. ಎಷ್ಟು ಒಳ್ಳೆಯ ರಾಸುಗಳು ಇದರಿಂದ ಸಂತೆಯಲ್ಲಿ ಬೆಲೆಯಿಲ್ಲದೆ ನಿಂತವೋ! ಭಾಗ್ಯದ ಮಾತನ್ನು ನಾನು ನಂಬೆನು. ಆದರೆ ಕೂದಲು ತಿರುಗಿ ನಿಂತ ಆ ಸ್ಥಾನವು ಹುಟ್ಟಿದಂದಿನಿಂದ ಬದಲಾಗುವುದಿಲ್ಲ. ಬಣ್ಣ ಬಳಿದು ಕಾಲಿನ ಬಿಳುಪನ್ನು ಮರೆಸಬಹುದು, ಸುಳಿಯನ್ನು ಮರೆಸಲಾಗದು. ಮೈಯೆಲ್ಲ ಒಂದೇ ಬಣ್ಣದ ಕುದುರೆಗಂತೂ ಅದೇ ದೊಡ್ಡ ಸಾಕ್ಷಿ.

ಚಿಪ್ಪಿರುವಾಗ ಇದೆಲ್ಲ ಯಾತಕ್ಕೆ ಎನ್ನುವಿರಾ? 2017ರಲ್ಲಿ ಇಂಗ್ಲೆಂಡಿನ ಯಾರ್ಮತ್ ಮೈದಾನದಲ್ಲಿ, ಎರಡು ವರ್ಷದ ಕುದುರೆಗಳ ಪಂದ್ಯವನ್ನು ಮ್ಯಾಂಡರಿನ್ ಪ್ರಿನ್ಸೆಸ್ ಎಂಬ ಹೆಣ್ಣುಕುದುರೆಯು ಗೆದ್ದಿತೆಂದು ಸಾರಿದರು. ಪಣ ಕಟ್ಟಿದವರಿಗೆ ಹಣವನ್ನೂ ಹಂಚಲಾಯಿತು. ಓಟ ಮುಗಿದ ಮೇಲೆ ಚಿಪ್ಪನ್ನು ಓದಿದರೆ, ಓಡಿದ್ದು ಅದೇ ಲಾಯದ ಮೂರು ವರ್ಷದ ಮಿಲೀಸ್ ಕಿಸ್! ಮೋಸವೇನೂ ಇಲ್ಲ. ಮೈದಾನಕ್ಕೆ ಬಂದಾಗ ಎರಡರ ಚಿಪ್ಪನ್ನೂ ಸರಿಯಾಗಿಯೇ ಓದಿದ್ದರು. ಆಮೇಲೆ ಲಾಯದಿಂದ ಹೊರಗೆ ತಂದದ್ದು ಮಾತ್ರ ಬೇರೆಯದನ್ನು. ಅಲ್ಲಿಂದೀಚೆಗೆ ಆ ದೇಶದಲ್ಲಿ ಓಟಕ್ಕೆ ಮುನ್ನ ಚಿಪ್ಪನ್ನು ಎರಡನೆಯ ಸಲವೂ ಓದುವ ಏರ್ಪಾಡಾಯಿತು.