ಇಂಗ್ಲಿಷು: ಅಂಕಕ್ಕೋ, ಬಳಕೆಗೋ?

ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿಗೆ ಉತ್ತಮ ಅಂಕ ಪಡೆದ ನಮ್ಮ ಎಷ್ಟೋ ಮಕ್ಕಳು ಕಾಲೇಜಿನಲ್ಲಿ ಸಂದೇಹ ಕೇಳಲು ಬಾಯಿ ತೆರೆಯುವುದಿಲ್ಲ. ನೌಕರಿಯ ಸಂದರ್ಶನದಲ್ಲಿ ತಿಳಿದುದನ್ನೂ ಹೇಳಲಾರದೆ ತಲೆ ತಗ್ಗಿಸುತ್ತಾರೆ. ಆಗ ಪಾಲಕರು ಕನ್ನಡ ಮಾಧ್ಯಮವನ್ನು ದೂರುತ್ತಾರೆ. ದೋಷ ಕನ್ನಡದ್ದಲ್ಲ, ಇಂಗ್ಲಿಷನ್ನು ಕಲಿಸುವ ಕ್ರಮದ್ದು ಎಂಬುದು ನಮ್ಮ ಅಭಿಪ್ರಾಯ.

ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ 'ಬೆಂಗಳೂರು ಯೋಜನೆ' ಈ ದಿಸೆಯಲ್ಲಿ ದಾರಿ ತೋರುವಂತಿದೆ. ಅಲ್ಲಿ ವ್ಯಾಕರಣದ ಬಾಯಿಪಾಠವಿರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಮೊದಲಾದವುಗಳನ್ನು ಮುಂದಿಟ್ಟು, ಮಕ್ಕಳು ಇಂಗ್ಲಿಷಿನಲ್ಲಿಯೇ ಯೋಚಿಸಿ ಉತ್ತರ ಕಂಡುಕೊಳ್ಳುವಂತೆ ಮಾಡುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆಯ ನಿಯಮ ತಾನಾಗಿಯೇ ಒಳಗಿಳಿಯುವುದೆಂಬುದು ಅವರ ನಂಬಿಕೆ.

ಇದನ್ನು ಮನೆಯಲ್ಲಿಯೂ ಆಚರಿಸಬಹುದು. ಔಷಧಿಯ ಬಾಟಲಿಯ ಮೇಲಿನ ಸೂಚನೆ, ಬ್ಯಾಂಕಿನ ಪತ್ರ ಇವುಗಳನ್ನು ಮಕ್ಕಳಿಂದ ಓದಿಸಿ, ಅರ್ಥವನ್ನು ಕನ್ನಡದಲ್ಲಿ ಹೇಳಿಸೋಣ. ವಾರಕ್ಕೊಂದು ರಜೆಯ ಅರ್ಜಿಯನ್ನೋ ವಿಚಾರಣೆಯ ಪತ್ರವನ್ನೋ ಬರೆಸೋಣ. ಕಾಲೇಜಿಗೂ ಕಚೇರಿಗೂ ಬೇಕಾದುದು ಇಂತಹ ಇಂಗ್ಲಿಷೇ. ತಪ್ಪಿದರೆ ತಿದ್ದೋಣ, ನಗುವುದು ಬೇಡ. ನಗೆಗೆ ಅಂಜಿದ ನಾಲಿಗೆ ಯಾವ ಭಾಷೆಯನ್ನೂ ಕಲಿಯದು.