ಹಾಲಿಲ್ಲದ ಅಡುಗೆ, ಭೇದವಿಲ್ಲದ ಪಂಕ್ತಿ



ಶಾಕಾಹಾರವು ನಮ್ಮ ಸಮಾಜದ ಮನೆಗಳಿಗೆ ಹೊಸ ಮಾತಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ಮಕ್ಕಳು, ಸೊಸೆಯಂದಿರು, ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದವರು ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನೂ ತ್ಯಜಿಸಿ ಸಂಪೂರ್ಣ ಸಸ್ಯಮೂಲದ ಆಹಾರವನ್ನು ಸ್ವೀಕರಿಸುತ್ತಿರುವುದನ್ನು ಕಾಣುತ್ತೇವೆ. ಕೆಲವರಿಗೆ ಹಾಲು ದೇಹಕ್ಕೆ ಒಗ್ಗದು. ಕೆಲವರಿಗೆ ಕರುವಿನ ಪಾಲನ್ನು ತೆಗೆದುಕೊಳ್ಳಲು ಮನಸ್ಸೊಪ್ಪದು. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು 1944ರಲ್ಲಿ ಸಂಘವೊಂದನ್ನು ಕಟ್ಟಿ ಈ ಆಹಾರಕ್ರಮಕ್ಕೆ ‘ವೀಗನ್’ ಎಂಬ ಹೆಸರನ್ನಿಟ್ಟರು. ಹೆಸರು ಹೊರಗಿನದಾದುದರಿಂದ ಊಟವೂ ಹೊರಗಿನದೇ ಇರಬೇಕೆಂದು ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಹಿರಿಯರಿಗೆ ಏನೂ ತಿಳಿಯದೆಂದು ಕಿರಿಯರು ಮುಖ ತಿರುವುತ್ತಾರೆ. ಇಬ್ಬರ ನಡುವೆ ನಿಂತು ಒಲೆ ಹೊತ್ತಿಸುವ ಗೃಹಿಣಿಯ ಪಾಡನ್ನು ಕೇಳುವವರು ಕಡಿಮೆ. ಈ ತಿಂಗಳ ಮಾತು ಅವಳೊಡನೆ.

ನಮ್ಮ ಮನೆಯ ಕಿರಿಯರೊಬ್ಬರಿಗೆ ಹಾಲು ಒಗ್ಗದಾದ ಮೇಲೆ ಅಡುಗೆಯನ್ನು ಬದಲಿಸುವುದು ಅನಿವಾರ್ಯವಾಯಿತು. ಎಷ್ಟೊಂದು ಬಿಡಬೇಕಾದೀತೋ ಎಂಬ ಅಳುಕಿನಿಂದಲೇ ಲೆಕ್ಕ ಹಾಕತೊಡಗಿದೆವು. ಲೆಕ್ಕ ಮುಗಿದಾಗ ಬಿಡಬೇಕಾದುದು ಬಹಳ ಕಡಿಮೆಯೆಂದು ಕಂಡು ನಮಗೇ ಅಚ್ಚರಿಯಾಯಿತು. ಉತ್ತರ ಕರ್ನಾಟಕದ ಒಕ್ಕಲು ಮನೆಯ ನಿತ್ಯದ ಗಂಗಾಳವನ್ನೇ ನೋಡಿರಿ. ಕುದಿಯುವ ನೀರಿನಲ್ಲಿ ನಾದಿ, ಬಡಿದು, ಹಂಚಿನ ಮೇಲೆ ಒದ್ದೆ ಬಟ್ಟೆಯಾಡಿಸಿ ಬೇಯಿಸಿದ ಜೋಳದ ರೊಟ್ಟಿಗೆ ಹಾಲೂ ಬೇಡ, ಎಣ್ಣೆಯೂ ಬೇಡ. ಹೆಸರುಕಾಳು, ಮಡಿಕೆಕಾಳುಗಳ ಪಲ್ಯ, ಜೋಳದ ನುಚ್ಚು ಬೆರೆಸಿದ ಪುಂಡಿ ಪಲ್ಯ, ಕಡಲೆ ಹಿಟ್ಟಿನ ಝುಣಕ, ಎಳ್ಳು, ಶೇಂಗಾ, ಒಣಕೊಬ್ಬರಿಯ ಮಸಾಲೆ ತುಂಬಿದ ಬದನೆಯ ಎಣ್ಣೆಗಾಯಿ, ತೊಗರಿ ಬೇಳೆಯ ಸಾರು, ಹಸಿ ಮೆಂತ್ಯಸೊಪ್ಪು, ಈರುಳ್ಳಿ, ಸೌತೆಕಾಯಿ, ಮೇಲೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಇವುಗಳಲ್ಲಿ ಯಾವುದಕ್ಕೂ ಹಸು-ಎಮ್ಮೆಗಳ ಹಂಗಿಲ್ಲ. ನಮ್ಮ ಅಜ್ಜಿಯರು ಇದಕ್ಕೆ ಯಾವ ಹೆಸರನ್ನೂ ಇಡಲಿಲ್ಲ. ನಿತ್ಯವೂ ಬಡಿಸಿದರು, ಅಷ್ಟೆ.

ಈ ಅಡುಗೆಯ ಬೇರು ನಮ್ಮ ಹೊಲಗಳಲ್ಲಿದೆ. ಎರೆಭೂಮಿಯಲ್ಲಿ ಹಿಂಗಾರಿ ಜೋಳದೊಂದಿಗೆ ಕಡಲೆ, ಕುಸುಬಿ ಬೆಳೆಯುತ್ತವೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ, ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ನಗರದ ಅಂಗಡಿಗಳು ಜೋಳ, ಸಜ್ಜೆ, ನವಣೆಗಳನ್ನು ಅಂದದ ಚೀಲಗಳಲ್ಲಿ ಮಾರತೊಡಗಿದವು. ನಮ್ಮ ಹಗೇವಿನ ಕಾಳುಗಳಿಗೆ ಆ ಅಂದ ಬೇಕಿರಲಿಲ್ಲ.

ಹಾಗಾದರೆ ಕಷ್ಟವೆಲ್ಲಿ? ಕಷ್ಟವಿರುವುದು ಮೂರು ಕಡೆ: ಮುಂಜಾವಿನ ಚಹಾ, ಊಟದ ಕೊನೆಯ ಮೊಸರು, ಹಬ್ಬದ ಹೋಳಿಗೆಯ ಮೇಲಿನ ತುಪ್ಪ. ಚಹಾದ ಜಾಗಕ್ಕೆ ಶುಂಠಿ, ಕೊತ್ತಂಬರಿ ಬೀಜ, ಜೀರಿಗೆ, ಬೆಲ್ಲದ ಕಷಾಯವನ್ನು ತಂದೆವು. ಒಂದು ತಿಂಗಳಲ್ಲಿ ನಾಲಗೆ ಒಪ್ಪಿತು. ಹೋಳಿಗೆಗೆ ಕಾಯಿಹಾಲು ಸೊಗಸಾಗಿಯೇ ಹೊಂದುತ್ತದೆ. ಶೇಂಗಾ ಹೋಳಿಗೆಗೆ ಅದೂ ಬೇಕಿಲ್ಲ. ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿಗಳು ಬೆಲ್ಲದ ಪಾಕದಲ್ಲಿಯೇ ಕಟ್ಟುವಂಥವು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಹಾಗೆಯೇ. ಆದರೆ ಮೊಸರಿಗೆ ಸಮನಾದುದು ಮೊಸರೇ. ಶೇಂಗಾ ಹಾಲಿಗೆ ಹೆಪ್ಪು ಹಾಕಿ ನೋಡಿದವರುಂಟು, ರುಚಿ ಬೇರೆಯೇ ಆಗುತ್ತದೆ. ಬದಲಿ ಹುಡುಕುವುದನ್ನು ಬಿಟ್ಟು, ಊಟದ ಕೊನೆಗೆ ಹುಣಸೆಹುಳಿಯ ತಿಳಿಸಾರನ್ನು ಕುಡಿಯುವುದೇ ಲೇಸೆಂದು ನಾವು ಕಂಡುಕೊಂಡೆವು.

ಎಲ್ಲಕ್ಕಿಂತ ನಮ್ಮ ಮೆಚ್ಚಿನದು ಕುಸುಬಿ ಹಾಲಿನ ಹುಗ್ಗಿ. ಕಾಳಿನಿಂದ ಹಾಲು ತೆಗೆಯುವುದು ಪರದೇಶದ ವಿದ್ಯೆಯೆಂದು ತಿಳಿದ ನಮ್ಮ ಕಿರಿಯರಿಗೆ ಇದನ್ನು ಕಲಿಸಿಕೊಡುವಾಗ ನಮಗೆ ಸ್ವಲ್ಪ ಹೆಮ್ಮೆಯೂ ಆಗುತ್ತದೆ. ಒಂದು ಬಟ್ಟಲು ಕುಟ್ಟಿ ಹೊಟ್ಟು ತೆಗೆದ ಗೋಧಿಯನ್ನು ರಾತ್ರಿ ನೆನೆಯಿಟ್ಟು ಮರುದಿನ ಮೆತ್ತಗೆ ಬೇಯಿಸಬೇಕು. ಅರ್ಧ ಬಟ್ಟಲು ಕುಸುಬಿಯನ್ನು ಚೆನ್ನಾಗಿ ತೊಳೆದು, ಅದನ್ನೂ ರಾತ್ರಿ ನೆನೆಯಿಟ್ಟು, ನೀರು ಬೆರೆಸಿ ನುಣ್ಣಗೆ ರುಬ್ಬಿ ತೆಳುವಾದ ಬಟ್ಟೆಯಲ್ಲಿ ಹಿಂಡಬೇಕು. ಚರಟಕ್ಕೆ ಮತ್ತೆ ನೀರು ಬೆರೆಸಿ ಇನ್ನೊಮ್ಮೆ ಹಿಂಡಬೇಕು. ಬೆಂದ ಗೋಧಿಗೆ ಮುಕ್ಕಾಲು ಬಟ್ಟಲು ಬೆಲ್ಲವನ್ನು ಕರಗಿಸಿ ಸೋಸಿ ಹಾಕಿ, ಕುದಿ ಬಂದ ಮೇಲೆ ಉರಿಯನ್ನು ಸಣ್ಣದಾಗಿಸಿ ಈ ಹಾಲನ್ನು ಸುರಿದು ಕೈ ಬಿಡದೆ ತಿರುವಬೇಕು. ಉರಿ ಜೋರಾದರೆ ಹಾಲು ಒಡೆಯುತ್ತದೆ. ಕೊನೆಗೆ ಒಣಕೊಬ್ಬರಿ, ಹುರಿದ ಗಸಗಸೆ, ಏಲಕ್ಕಿ, ಚಿಟಿಕೆ ಒಣಶುಂಠಿ. ಇದನ್ನುಂಡವರು ಹಾಲಿನ ಹುಗ್ಗಿಯನ್ನು ನೆನೆಯುವುದಿಲ್ಲ.

ಇನ್ನು ಆರೋಗ್ಯದ ಮಾತು. ಇಲ್ಲಿ ಅಭಿಮಾನಕ್ಕಿಂತ ತಿಳಿವಳಿಕೆ ಮುಖ್ಯ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದೆ. ಜೋಳದಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಂಶವು ಬೇಳೆಕಾಳುಗಳಲ್ಲಿ ಹೇರಳವಾಗಿರುವುದರಿಂದ ರೊಟ್ಟಿಗೆ ಕಾಳುಪಲ್ಯದ ಜೋಡಿ ಬಹಳ ವಿವೇಕದ್ದು. ಸುಣ್ಣದ ಅಂಶಕ್ಕೆ ರಾಗಿ ಮತ್ತು ಸಿಪ್ಪೆಸಹಿತವಾದ ಎಳ್ಳು ಉತ್ತಮ. ಹಸುವಿನ ಹಾಲಿನ ನೂರು ಗ್ರಾಮಿನಲ್ಲಿ ಸುಮಾರು 120 ಮಿಲಿಗ್ರಾಂ ಇದ್ದರೆ ರಾಗಿಯಲ್ಲಿ 300ಕ್ಕೂ ಹೆಚ್ಚು, ಎಳ್ಳಿನಲ್ಲಿ ಸಾವಿರಕ್ಕೂ ಹೆಚ್ಚು. ಆದರೆ ಎಳ್ಳನ್ನು ನಾವು ತಿನ್ನುವುದು ಚಮಚದ ಲೆಕ್ಕದಲ್ಲಿ. ಕಾಳಿನಲ್ಲಿರುವ ಸುಣ್ಣವೆಲ್ಲ ದೇಹಕ್ಕೆ ದಕ್ಕುವುದೂ ಇಲ್ಲ. ಆದ್ದರಿಂದ ದಿನವೂ ಒಂದಲ್ಲ ಒಂದು ರೂಪದಲ್ಲಿ ಇವು ಗಂಗಾಳದಲ್ಲಿರಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಹಗುರವಾಗಿ ಭಾವಿಸಬಾರದು. ಬಿ-12 ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ನಂಬುವಷ್ಟು ಪ್ರಮಾಣದಲ್ಲಿ ದೊರೆಯುವುದಿಲ್ಲ. ಶಾಕಾಹಾರಿಗಳಿಗೆ ಅದು ಹಾಲು-ಮೊಸರುಗಳಿಂದಲೇ ಬರುತ್ತಿತ್ತು. ದಿನಕ್ಕೆ ಬೇಕಾದುದು ಎರಡು ಮೈಕ್ರೋಗ್ರಾಮಿಗಿಂತ ತುಸು ಹೆಚ್ಚು. ಆದರೆ ಆ ತುಸುವೇ ಬಹುಕಾಲ ದೊರೆಯದಿದ್ದರೆ ರಕ್ತಹೀನತೆ, ಕೈಕಾಲುಗಳ ಜೋಮು, ಮರೆವು ಕಾಣಿಸಿಕೊಳ್ಳುತ್ತವೆ. ಹಾಲು ಬಿಟ್ಟವರು ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ, ಅವರು ಹೇಳಿದಂತೆ ಮಾತ್ರೆ ತೆಗೆದುಕೊಳ್ಳಲೇಬೇಕು. ಗರ್ಭಿಣಿಯರು, ಬಾಣಂತಿಯರು, ಎಳೆಯ ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆಯಿಲ್ಲದೆ ಹೆಜ್ಜೆಯಿಡಲಾಗದು.

ಅಡುಗೆ ಕಲಿತೆವು, ಆರೋಗ್ಯ ಕಾಯ್ದೆವು. ಆದರೂ ಮನೆಯಲ್ಲಿ ನೆಮ್ಮದಿ ಬರಲಿಲ್ಲವೆಂದರೆ ಅದಕ್ಕೆ ಕಾರಣ ಬೇರೆ. ಅತ್ತೆಯವರು ಪ್ರೀತಿಯಿಂದ ಕಾಯಿಸಿದ ತುಪ್ಪವನ್ನು ಸೊಸೆ ಬೇಡವೆಂದಾಗ ಅವರಿಗೆ ಕೇಳಿಸುವುದು ತುಪ್ಪ ಬೇಡವೆಂದಲ್ಲ, ನೀವು ಬೇಡವೆಂದು. ಹಾಲು ಕುಡಿಯುವವರನ್ನು ಕಿರಿಯರು ನಿರ್ದಯರೆಂಬಂತೆ ನೋಡಿದಾಗ, ಎಮ್ಮೆ ಕಟ್ಟಿ ಹಾಲು ಮಾರಿ ಮಕ್ಕಳ ಶಾಲೆಯ ಶುಲ್ಕ ತುಂಬಿದ ತಾಯಿಯ ಬೆವರನ್ನು ಹಳಿದಂತಾಗುತ್ತದೆ. ಇತ್ತ, ಹಾಲು ಬಿಟ್ಟವರನ್ನು ಬೀಗರ ಮನೆಯಲ್ಲಿ ನಗೆಯಾಡಿ, ಕಣ್ಣು ತಪ್ಪಿಸಿ ಪಲ್ಯಕ್ಕೆ ತುಪ್ಪ ಬೆರೆಸಿ ಬಡಿಸುವವರೂ ಉಂಟು. ಅದು ನಂಬಿಕೆಗೆ ಬಗೆಯುವ ದ್ರೋಹ. ಹಾಲು ಒಗ್ಗದವರಿಗೆ ನೋವನ್ನೂ ತಂದೀತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕುಲ ಕೇಳದೆ ಒಂದೇ ಪಂಕ್ತಿಯಲ್ಲಿ ಕುಳಿತರು. ಊಟವು ಮೇಲುಕೀಳಿನ ಅಳತೆಗೋಲಾಗಿದ್ದ ಕಾಲದಲ್ಲಿ ಅದನ್ನು ಮುರಿದುದೇ ಅವರ ಹಿರಿಮೆ. ನಾವು ಗಂಗಾಳದಲ್ಲಿ ಏನನ್ನು ಬಿಟ್ಟಿದ್ದೇವೆಂಬುದೇ ನಮ್ಮ ದೊಡ್ಡಸ್ತಿಕೆಯಾದರೆ ಹಳೆಯ ಮಡಿಯನ್ನು ಹೊಸ ಹೆಸರಿನಿಂದ ಮನೆಗೆ ಕರೆತಂದಂತೆ. ಗಂಡ ಆಯ್ದು ತಂದ ಅಕ್ಕಿ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮ ತಾಯಿಯು ತೋರಿದುದು ತನ್ನ ಮನೆಗೆ ಹಾಕಿಕೊಂಡ ಅಳತೆ. ಆಹಾರದ ಆಯ್ಕೆ ತನ್ನನ್ನು ಅಳೆಯಲಿ, ಪಕ್ಕದವರನ್ನಲ್ಲ.

ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ತಾಯಂದಿರು ಬಡಿದ ರೊಟ್ಟಿಗಳು ಲಕ್ಷಗಟ್ಟಲೆ ಬಂದು ಸೇರುತ್ತವೆ. ಯಾವ ಮನೆಯ ರೊಟ್ಟಿ ಯಾರ ಕೈಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಹಾಲು ಉಣ್ಣುವವರೂ ಉಣ್ಣದವರೂ ಆ ರೊಟ್ಟಿಯನ್ನು ಮುರಿಯಬಹುದು. ಮನೆಯ ಅಡುಗೆಗೂ ಇದೇ ದಾರಿ ಸಾಕು. ರೊಟ್ಟಿ, ಪಲ್ಯ, ಸಾರು, ಹಿಂಡಿಗಳನ್ನು ಎಲ್ಲರಿಗೂ ಸಲ್ಲುವಂತೆ ಮಾಡಿರಿ. ತುಪ್ಪದ ಗಿಂಡಿ, ಮೊಸರಿನ ಬಟ್ಟಲು ಬೇರೆಯಾಗಿ ನಡುವೆ ಇರಲಿ. ಬೇಕಾದವರು ಹಾಕಿಕೊಳ್ಳಲಿ, ಬೇಡವಾದವರು ಮುಂದಕ್ಕೆ ಸರಿಸಲಿ. ಬೇಡವೆನ್ನುವವರು ನಗುಮುಖದಿಂದ ಬೇಡವೆನ್ನಲಿ, ಬಡಿಸುವವರು ಎರಡನೆಯ ಸಲ ಒತ್ತಾಯಿಸದಿರಲಿ. ಹೊಸ ಅಡುಗೆಯ ಹೊರೆ ಒಬ್ಬಳ ಮೇಲೆಯೇ ಬೀಳದಂತೆ, ಕುಸುಬಿ ರುಬ್ಬುವುದನ್ನೂ ರೊಟ್ಟಿ ಬಡಿಯುವುದನ್ನೂ ಮನೆಯ ಗಂಡುಮಕ್ಕಳೂ ಕಲಿಯಲಿ. ಕಾಯಕಕ್ಕೆ ಹೆಣ್ಣು-ಗಂಡೆಂಬ ಭೇದವಿಲ್ಲ. ಒಲೆ ಒಂದೇ, ಪಂಕ್ತಿ ಒಂದೇ ಆಗಿ ಉಳಿದರೆ ಗಂಗಾಳದಲ್ಲಿ ಏನಿದೆ, ಏನಿಲ್ಲವೆಂಬುದು ಮನಸ್ತಾಪಕ್ಕೆ ಕಾರಣವಾಗದು.