ಜಂತಿಯ ಮೇಲಿನ ಬಂದೂಕು

ಶಹಾಪುರ ತಾಲೂಕಿನ ದೋರನಹಳ್ಳಿಯ ತರುಣ ಶಿಕ್ಷಕರೊಬ್ಬರು ಕಳೆದ ತಿಂಗಳು ನಮಗೆ ಒಂದು ಕಾಗದ ಬರೆದಿದ್ದರು. ಹಿರಿಯರ ಕಾಲದ ಮಾಳಿಗೆಮನೆಯನ್ನು ಬಿಚ್ಚುವಾಗ ಜಂತಿಗಳ ಸಂದಿನಲ್ಲಿ ಹಳೆಯ ಅರಿವೆಯಲ್ಲಿ ಸುತ್ತಿಟ್ಟ ಒಂದು ಬಂದೂಕು ಸಿಕ್ಕಿತು. ಅದು ಮುತ್ತಜ್ಜನದೆಂದು ಮನೆಯವರು ಹೇಳುತ್ತಾರೆ. ಬಾಯಿಯಿಂದ ಮದ್ದು ತುಂಬುವ ಜಾತಿಯದು. ಅದನ್ನು ಸರಿಪಡಿಸಿಕೊಂಡು ಬೇಟೆ ಕಲಿಯಬಹುದೋ, ಹೊಸದನ್ನು ಕೊಳ್ಳುವದಾದರೆ ಎಂಥದನ್ನು ಕೊಳ್ಳಬೇಕು, ತುಂಬುವ ಮತ್ತು ಕಾಯ್ದಿಡುವ ರೀತಿ ಯಾವದು ಎಂದು ಅವರು ಕೇಳಿದ್ದರು. ‘ಸುರಪುರದ ನಾಯಕರು ಆಳಿದ ಸೀಮೆಯಲ್ಲಿ ಹುಟ್ಟಿ ಬಂದೂಕು ಹಿಡಿಯಲು ಬಾರದೆಂದರೆ ನಾಚಿಕೆಯಲ್ಲವೆ?’ ಎಂಬ ಮಾತೂ ಕಾಗದದ ಕೊನೆಗೆ ಇತ್ತು.

ನಾವು ಕಾಗದಕ್ಕೆ ಕಾಗದ ಬರೆಯುತ್ತ ಕೂಡ್ರಲಿಲ್ಲ. ಕೂಡಲೆ ಫೋನು ಮಾಡಿ, ‘ಮಾಸ್ತರರೆ, ನಳಿಗೆಯೊಳಗೆ ಏನಿದೆ ನೋಡಿದಿರೋ?’ ಎಂದು ಕೇಳಿದೆವು. ನೋಡಿರಲಿಲ್ಲ. ಬಂದೂಕನ್ನು ಯಾರ ಕಡೆಗೂ ಮೊಗಮಾಡದೆ ಗೋಡೆಯ ಕಡೆಗೆ ಮಲಗಿಸಿ, ಪಕ್ಕಕ್ಕೆ ನಿಂತು, ಒಂದು ಸಣ್ಣ ಕಟ್ಟಿಗೆಯ ಕೋಲನ್ನು ಮೆಲ್ಲಗೆ ಒಳಗೆ ಬಿಟ್ಟು ಎಲ್ಲಿಯ ವರೆಗೆ ಹೋಗುವದೆಂದು ಗುರುತು ಮಾಡಿರೆಂದೂ, ಅದೇ ಕೋಲನ್ನು ಹೊರಗೆ ನಳಿಗೆಯ ಮೇಲೆ ಇಟ್ಟು ಅಳೆಯಿರೆಂದೂ ಹೇಳಿದೆವು. ಅರ್ಧ ತಾಸಿನ ಮೇಲೆ ಉತ್ತರ ಬಂತು. ಕೋಲು ಬುಡದ ವರೆಗೆ ಹೋಗದೆ ನಾಲ್ಕು ಬೆರಳು ಮೊದಲೇ ನಿಂತಿತ್ತು. ಬಂದೂಕು ತುಂಬಿತ್ತು! ಮುತ್ತಜ್ಜ ತೀರಿಕೊಂಡು ಎಷ್ಟೋ ವರುಷಗಳಾಗಿದ್ದವು. ಆತ ಜಡಿದಿಟ್ಟ ಈಡು ಮಾತ್ರ ಹಾಗೆಯೇ ಕಾದಿತ್ತು. ಅದು ಸಿಕ್ಕ ದಿನದಿಂದ ಮನೆಯ ಹುಡುಗರು ಅದರ ಕುದುರೆ ಎಳೆದು ಬಿಟ್ಟು ಆಡುತ್ತಿದ್ದರಂತೆ. ಕೇಪು ಇರಲಿಲ್ಲವೆಂಬದೊಂದೇ ಆ ಮನೆಯ ಪುಣ್ಯ. ಕರೆ ಮದ್ದು ಒಣಗಿ ಕುಳಿತರೆ ಎಷ್ಟು ಕಾಲವಾದರೂ ತನ್ನ ಗುಣವನ್ನು ಬಿಡುವದಿಲ್ಲ.

ನಾಚಿಕೆಯ ಮಾತನ್ನು ಮೊದಲು ತೆಗೆದುಕೊಳ್ಳುವೆವು. ಈ ಸೀಮೆಯ ಬೇಡರ ಗುರಿಗಾರಿಕೆ ಕಟ್ಟುಕಥೆಯಲ್ಲ. 1705ರಲ್ಲಿ ಔರಂಗಜೇಬನು ಮುಪ್ಪಿನ ವಯಸ್ಸಿನಲ್ಲಿ ತಾನೇ ದಂಡು ತೆಗೆದುಕೊಂಡು ವಾಗಣಗೇರಿಗೆ ಮುತ್ತಿಗೆ ಹಾಕಬೇಕಾಯಿತು. ಕೋಟೆ ಕೊನೆಗೆ ಕೈಸೇರಿದರೂ ನಾಯಕನು ಅವನ ಕೈಗೆ ಸಿಕ್ಕಲಿಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ಮೇಲೆ ಎದ್ದಾಗಲೂ ಈ ಜನರ ಬಂದೂಕುಗಳೇ ಮಾತಾಡಿದವು. ಅದಕ್ಕೂ ಕೆಲವು ತಿಂಗಳು ಮೊದಲು, 1857ರಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರು ಒಪ್ಪಿಸುವದಿಲ್ಲವೆಂದು ನಿಂತು ಊರು ಸುಡಿಸಿಕೊಂಡರು, ನೇಣುಗಂಬವೇರಿದರು. ಆದರೆ ಆ ಗುರಿಗಾರರು ಹೊಡೆದದ್ದು ಯಾವ ಬಂದೂಕಿನಿಂದ? ಜಾಮಗಿ ಹೊತ್ತಿಸಿ ಹಾರಿಸುವ ಬತ್ತಿಯ ಬಂದೂಕಿನಿಂದ. ಒಮ್ಮೆ ಹೊಡೆದ ಮೇಲೆ ಮದ್ದು ಅಳೆದು, ಗುಂಡು ಇಟ್ಟು, ಜಡಿದು, ರಂಜಕ ಹಾಕಿ, ಬತ್ತಿಯ ಕಿಡಿಯನ್ನು ಊದಿ ಸಿದ್ಧವಾಗುವ ತನಕ ವೈರಿಯ ಕುದುರೆ ಮೈಮೇಲೆ ಬರುತ್ತಿತ್ತು. ಅಂಥ ಆಯುಧದಿಂದ ಹೆಸರು ಪಡೆದವರು ಕೈಯ ಚುರುಕಿನಿಂದಲ್ಲ, ಕೈಯ ತಡೆಯಿಂದ ಹೆಸರು ಪಡೆದರು. ಮಾಸ್ತರರು ಆ ಹಿರಿಯರಿಂದ ಕಲಿಯಬೇಕಾದದ್ದು ಈ ತಡೆಯನ್ನು. ಅದು ಜಂತಿಯ ಮೇಲೆ ಸಿಕ್ಕುವ ಒಡವೆಯಲ್ಲ.

ಇನ್ನು ಕಾಯಿದೆ. ವಕೀಲರಾದ ನಾವು ಈ ಮಾತನ್ನು ಬಿಟ್ಟರೆ ವೃತ್ತಿಗೆ ದ್ರೋಹ ಮಾಡಿದಂತೆ. ಲಾರ್ಡ್ ಲಿಟ್ಟನ್ನನ 1878ರ ಶಸ್ತ್ರ ಕಾಯಿದೆಯನ್ನು ನಮ್ಮ ಹಿರಿಯರು ಅವಮಾನವೆಂದು ತಿಳಿದರು. 1931ರ ಕರಾಚಿ ಕಾಂಗ್ರೆಸ್ಸು ನಿಯಮಗಳಿಗೆ ಒಳಪಟ್ಟು ಆಯುಧ ಧರಿಸುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೆ ಇರಬೇಕೆಂದು ಠರಾವು ಮಾಡಿತು. 1948ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಹೆಚ್. ವಿ. ಕಾಮತರು ಅದನ್ನು ಸಂವಿಧಾನದಲ್ಲಿ ಸೇರಿಸಲು ತಿದ್ದುಪಡಿ ತಂದರು, ಸಭೆ ಒಪ್ಪಲಿಲ್ಲ. ಹೀಗಾಗಿ ಸ್ವತಂತ್ರ ಭಾರತದಲ್ಲಿ ಬಂದೂಕು ಹಕ್ಕಲ್ಲ, ಪರವಾನಗಿಯ ವಸ್ತು. 1959ರ ಕಾಯಿದೆ ಈಗ ನಡೆಯುತ್ತಿರುವದು. ನಮ್ಮ ನಾಡಿನಲ್ಲೇ ಕೊಡಗಿನವರಿಗೆ, ಅಂದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ, 1861ರಷ್ಟು ಹಿಂದಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಸುರಪುರ ಸೀಮೆಗೆ ಅಂಥದಿಲ್ಲ. ಇಂಗ್ಲಿಷರಿಗೆ ನಿಷ್ಠರಾಗಿದ್ದವರಿಗೆ ಸಿಕ್ಕ ಬಹುಮಾನ ಇಂಗ್ಲಿಷರ ಮೇಲೆ ಎದ್ದವರ ಮಕ್ಕಳಿಗೆ ಸಿಕ್ಕುವದಾದರೂ ಹೇಗೆ? ಇದನ್ನು ನಾವು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಕೊಡಗಿನ ಪದ್ಧತಿಯನ್ನು ಕೇಳಿದವರು ನಮ್ಮಲ್ಲೂ ಅದೇ ನಡೆಯುವದೆಂದು ತಿಳಿದು ಕೋರ್ಟಿಗೆ ಬರುವದುಂಟು, ಅದಕ್ಕಾಗಿ ಹೇಳಿದೆವು.

‘ಇದು ಪುರಾತನ ವಸ್ತು, ಇದಕ್ಕೇಕೆ ಪರವಾನಗಿ?’ ಎಂದು ಕೇಳುವವರೂ ಇದ್ದಾರೆ. ಕಾಯಿದೆಯ 45ನೆಯ ಕಲಮು ಹಳೆಯ ಮಾದರಿಯ ಆಯುಧವನ್ನು ಬಿಡುತ್ತದೆ ನಿಜ. ಆದರೆ ದುರಸ್ತಿ ಮಾಡಿದರೂ, ಮಾಡದಿದ್ದರೂ ಹಾರದಂಥದಾಗಿರಬೇಕೆಂಬ ಕಟ್ಟು ಅಲ್ಲಿದೆ. ಕುದುರೆಗೆ ಒಂದು ಸ್ಪ್ರಿಂಗು ಹಾಕಿದರೆ ಹಾರುವ ಬಂದೂಕು ಪುರಾತನವೂ ಹೌದು, ಅಪರಾಧವೂ ಹೌದು. 2019ರ ತಿದ್ದುಪಡಿಯ ಮೇಲೆ ಪರವಾನಗಿ ಇಲ್ಲದೆ ಇಟ್ಟುಕೊಂಡವನಿಗೆ ಎರಡು ವರುಷಕ್ಕೆ ಕಡಿಮೆಯಿಲ್ಲದೆ ಐದು ವರುಷದ ವರೆಗೆ ಸೆರೆಮನೆ. ಸರಕಾರಿ ಶಿಕ್ಷಕನಿಗೆ ನೌಕರಿಯೂ ಹೋದೀತು. ಆದ ಕಾರಣ ಇಂಥದು ಮನೆಯಲ್ಲಿ ಸಿಕ್ಕ ದಿನವೇ ಠಾಣೆಗೆ ತಿಳಿಸಿ, ಒಪ್ಪಿಸಿ, ರಸೀದಿ ಪಡೆಯುವದು. ಆ ಮೇಲೆ ಬೇಕಿದ್ದರೆ ಅರ್ಜಿ ಹಾಕುವದು. ಇಪ್ಪತ್ತೊಂದು ವರುಷ ತುಂಬಿದ ರೈತನು ನಿಜವಾಗಿ ಬೆಳೆ ಕಾಯುವ ಸಲುವಾಗಿ ಬಾಯಿಯಿಂದ ತುಂಬುವ ಬಂದೂಕನ್ನು ಕೇಳಿದರೆ ಪರವಾನಗಿ ಕೊಡಬೇಕೆಂದು 13ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ.

ಬೆಳೆ ಕಾಯಲಿಕ್ಕೆ ಎಂದೆವು, ಬೇಟೆಗಲ್ಲ. 1972ರ ವನ್ಯಜೀವಿ ಕಾಯಿದೆಯ ಮೊದಲ ರೂಪದಲ್ಲಿ ಲಾಯಸೆನ್ಸು ಪಡೆದು ಬೇಟೆಯಾಡಲು ಆಸ್ಪದವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಹೊಲಕ್ಕೆ ಬಂದ ಕಾಡುಹಂದಿಯನ್ನು ಕೂಡ ಅರಣ್ಯದ ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲ. ಚಿಗರಿಯ ಮಾತಂತೂ ಎತ್ತಲೇಬೇಡಿರಿ. ಅದು ಮೊದಲನೆಯ ಅನುಸೂಚಿಯಲ್ಲಿದೆ, ಬೆಳೆ ತಿಂದಿತೆಂಬ ಕಾರಣ ಅಲ್ಲಿ ನಡೆಯದು. ರಾತ್ರಿಯೆಲ್ಲ ಹೊಲದಲ್ಲಿ ಕುಳಿತು ಶೇಂಗಾ, ಜೋಳ ಕಾಯುವ ರೈತನ ಸಂಕಟ ನಮಗೆ ತಿಳಿಯದ್ದಲ್ಲ. ಅವನ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆದು ಬರುವಷ್ಟರಲ್ಲಿ ಸುಗ್ಗಿ ಮುಗಿದಿರುತ್ತದೆ. ಅವನು ಕಮ್ಮಾರನ ಬಳಿ ನೀರಿನ ಪೈಪಿನಿಂದ ಬಂದೂಕು ಮಾಡಿಸಿಕೊಳ್ಳುವದು ಇಲ್ಲಿಂದ ಹುಟ್ಟುವ ರೋಗ. ಕೊಡಬೇಕಾದ ಪರವಾನಗಿಯನ್ನು ಕಾಲಕ್ಕೆ ಕೊಡದ ಅಧಿಕಾರವು ಕಳ್ಳಬಂದೂಕುಗಳನ್ನು ತಾನೇ ಹೆಚ್ಚಿಸುತ್ತದೆಂದು ನಾವು ಮೇಲಿನವರಿಗೆ ನಿಷ್ಠುರವಾಗಿಯೇ ಹೇಳುವೆವು. ಬೇಟೆಯೇ ಬೇಕೆನ್ನುವವರು ಅದು ಕಾಯಿದೆಬದ್ಧವಾಗಿರುವ ದೇಶಕ್ಕೆ ಹೋಗಬೇಕು. ಅಮೇರಿಕೆಯ ಪೆನ್ಸಿಲ್ವೇನಿಯಾದಲ್ಲಿ 1974ರಿಂದ ಚಕಮಕಿಯ ಬಂದೂಕಿನವರಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಅವಧಿ ಇದೆ.

ಪರವಾನಗಿ ಕೈಗೆ ಬಂದ ಮೇಲೆ ಆರಿಸುವ ಪ್ರಶ್ನೆ. ನಳಿಗೆಯೊಳಗೆ ಸುರುಳಿಯಾದ ಗೀರುಗಳಿದ್ದರೆ ಅದು ರೈಫಲು. ಇಲ್ಲದಿದ್ದರೆ ನುಣುಪು ನಳಿಗೆ. ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಒಯ್ಯುವವು. 1857ರಲ್ಲಿ ದೇಶವನ್ನೇ ಕುದಿಸಿದ, ಕೊಬ್ಬು ಸವರಿದ ತೋಟಾ ಇಂಥದೇ ಒಂದು ಬಾಯಿತುಂಬುವ ರೈಫಲಿನದು: 1853ರ ಮಾದರಿಯ ಎನ್‌ಫೀಲ್ಡು. ದಂಗೆ ಅಡಗಿದ ಮೇಲೆ ಇಂಗ್ಲಿಷರು ಹಿಂದೀ ಸಿಪಾಯಿಗಳ ಕೈಗೆ ಅದೇ ಆಕಾರದ ಆದರೆ ಗೀರಿಲ್ಲದ ಬಂದೂಕುಗಳನ್ನು ಕೊಟ್ಟರು. ನೋಡಲಿಕ್ಕೆ ರೈಫಲು, ಹೊಡೆದರೆ ದೂರ ಮುಟ್ಟದು! ಬೆಳೆ ಕಾಯುವವನಿಗೆ ನುಣುಪು ನಳಿಗೆಯೇ ಸಾಕು. ಚರೆ ಹಾಕಿದರೆ ಮೂವತ್ತು ಮೀಟರಿನಾಚೆ ಅದನ್ನು ನಂಬಬಾರದು. ಒಂಟಿ ಗುಂಡು ಹಾಕಿದರೆ ಐವತ್ತು.

ಕೊಳ್ಳುವಾಗ ನಕಾಶೆಯ ಕೆಲಸಕ್ಕೆ ಮರುಳಾಗಬೇಡಿರಿ. ಹೆಸರುಳ್ಳ ತಯಾರಕನದಿರಬೇಕು, ನಳಿಗೆಯ ಮೇಲೆ ಪರೀಕ್ಷೆಯ ಮುದ್ರೆ ಇರಬೇಕು. ಒಳಗೆ ಬೆಳಕು ಬಿಟ್ಟು ನೋಡಿದರೆ ತುಕ್ಕಿನ ಕುಳಿಗಳು ಕಾಣಬಾರದು. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ ಬಿಲ್ಲನ್ನು ಒತ್ತಿದರೆ ಅದು ಬೀಳಕೂಡದು. ಬಿದ್ದರೆ ಆ ಬಂದೂಕನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಕೇಪು ಕೂಡುವ ಮೊಲೆ ಸಡಿಲವಿರಬಾರದು. ಹೊಸಬನಿಗೆ ಒಂಟಿ ನಳಿಗೆಯೇ ಲೇಸು: ಜೋಡಿ ನಳಿಗೆಯಲ್ಲಿ ಗಡಿಬಿಡಿಗೆ ಒಂದರಲ್ಲಿಯೇ ಎರಡು ಈಡು ಹಾಕಿದವರುಂಟು, ಒಂದು ಹಾರಿದ ಹೊಡೆತಕ್ಕೆ ಇನ್ನೊಂದರ ಗುಂಡು ಸಡಿಲಾಗುವದೂ ಉಂಟು.

ತುಂಬುವದು ಹೇಗೆ? ಮೊದಲು ಗಜದ ಕೋಲನ್ನು ಬಿಟ್ಟು ನಳಿಗೆ ಬರಿದಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಆ ಕೋಲಿಗೆ ಎರಡು ಗೀರು ಹಾಕಿರಿ. ಒಂದು ಬರಿದಾದಾಗ, ಇನ್ನೊಂದು ಸರಿಯಾಗಿ ತುಂಬಿದಾಗ. ಈ ಎರಡು ಗೀರುಗಳು ಆಯುಷ್ಯ ಕಾಯುವ ಗೀರುಗಳು. ಎಣ್ಣೆಯನ್ನು ಒರಸಿ, ಬರಿ ಕೇಪು ಒಂದೆರಡು ಹಾರಿಸಿ ಕಿಂಡಿ ಒಣಗಿದೆಯೆಂದು ತಿಳಿಯಬೇಕು. ಮದ್ದನ್ನು ಕೊಂಬಿನಿಂದ ನೇರವಾಗಿ ಎಂದೂ ಸುರಿಯಬಾರದು. ಒಳಗೊಂದು ಕಿಡಿ ಉಳಿದಿದ್ದರೆ ಕೈಯಲ್ಲಿಯ ಕೊಂಬೇ ಸಿಡಿಯುವದು. ಅಳತೆಯ ಬಟ್ಟಲಿಗೆ ಸುರಿದು, ಕೊಂಬಿನ ಬಾಯಿ ಮುಚ್ಚಿ ದೂರವಿಟ್ಟು, ಬಟ್ಟಲಿನಿಂದ ನಳಿಗೆಗೆ ಹಾಕಬೇಕು. ಎಷ್ಟು ಎಂಬದನ್ನು ತಯಾರಕನ ಪತ್ರಿಕೆ ಹೇಳಬೇಕು, ಹೊಲದ ನೆರೆಯವನಲ್ಲ. ಮದ್ದು ಕರೆ ಮದ್ದೇ ಆಗಿರಬೇಕು. ಈಗಿನ ತೋಟಾಗಳನ್ನು ಒಡೆದು ಹೊಗೆಯಿಲ್ಲದ ಮದ್ದನ್ನು ಇದಕ್ಕೆ ತುಂಬಿದರೆ ನಳಿಗೆ ಹೂವಿನಂತೆ ಬಿರಿಯುವದು, ಜೊತೆಗೆ ಎಡಗೈ ಹೋಗುವದು. ಗುಂಡನ್ನು ಜಿಡ್ಡು ಸವರಿದ ಅರಿವೆಯ ತುಣುಕಿನಲ್ಲಿಟ್ಟು ಮದ್ದಿಗೆ ತಾಗುವ ತನಕ ಒತ್ತಿ ಇಳಿಸಬೇಕು. ಮದ್ದಿಗೂ ಗುಂಡಿಗೂ ನಡುವೆ ಬಯಲು ಉಳಿದರೆ ಅದೂ ನಳಿಗೆ ಒಡೆಯುವ ದಾರಿಯೇ. ಗೀರು ನೋಡಿರಿ, ಕೋಲು ಹೊರಗೆ ತೆಗೆಯಿರಿ. ಎಲ್ಲವೂ ಮುಗಿದು, ಮೊಗ ಕ್ಷೇಮವಾದ ದಿಕ್ಕಿಗೆ ಇರುವಾಗ, ಕಟ್ಟಕಡೆಗೆ ಕೇಪು. ಬಿಲ್ಲು ಒತ್ತಿದರೂ ಹಾರದಿದ್ದರೆ ಅದೇ ದಿಕ್ಕಿಗೆ ಹಿಡಿದು ಒಂದು ನಿಮಿಷ ಪೂರ್ತಿ ಕಾಯಬೇಕು. ಮದ್ದು ತಡವಾಗಿ ಹೊತ್ತುವದುಂಟು. ಹಾರಿದ ಮೇಲೆ ಹಸಿ ಅರಿವೆಯಿಂದ ಒಳಗೆ ಒರಸದೆ ಎರಡನೆಯ ಈಡು ಇಲ್ಲ.

ಕಾಯ್ದಿಡುವ ಮಾತಿಗೆ ಬಂದರೆ, ಕರೆ ಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ಒಂದು ರಾತ್ರಿಯಲ್ಲೇ ತುಕ್ಕು ಹಿಡಿಸುತ್ತದೆ. ಹೊಡೆದ ದಿನವೇ ಬಿಸಿ ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಬಂದೂಕು ಬೀಗದೊಳಗೆ, ಮದ್ದು ಒಲೆಯಿಂದ ದೂರ, ಕೇಪು ಇನ್ನೊಂದು ಕಡೆ. ತುಂಬಿದ ಬಂದೂಕನ್ನು ಕಂಬಕ್ಕೆ ತೂಗುಹಾಕುವ ಹಳೆಯ ರೂಢಿಯನ್ನು ಬಿಡಿರೆಂದು ಬೇಡಿಕೊಳ್ಳುವೆವು. ‘ಕಳ್ಳ ಬಂದರೆ?’ ಎನ್ನುವರು. ಕಳ್ಳನಿಗಿಂತ ಮೊದಲು ಮೊಮ್ಮಗ ಬರುವನು. ಮದ್ದನ್ನು ಮನೆಯಲ್ಲಿ ಅರೆದು ಮಾಡುವವರ ಬಗ್ಗೆ ನಾವು ಇಷ್ಟೇ ಹೇಳುವೆವು: ಅದು 1884ರ ಸ್ಫೋಟಕ ಕಾಯಿದೆಗೆ ವಿರುದ್ಧ.

ದೋರನಹಳ್ಳಿಯ ಬಂದೂಕಿನ ಸಂಗತಿಯನ್ನು ತಿಳಿಸದೆ ಇರಲಾಗದು. ಮಾಸ್ತರರು ಅದನ್ನು ಮುಟ್ಟದೆ ಠಾಣೆಗೆ ಸುದ್ದಿ ಕಳಿಸಿದರು. ಬಲ್ಲವನೊಬ್ಬನು ಬಂದು ಕೇಪಿನ ಮೊಲೆಯನ್ನು ಬಿಚ್ಚಿ, ಆ ಕಿಂಡಿಯಿಂದ ನೀರು ಹಾಯಿಸಿ ಮದ್ದನ್ನು ತೋಯಿಸಿ, ತಿರುಪಿನ ತುದಿಯ ಕೋಲಿನಿಂದ ಈಡನ್ನು ಹೊರಗೆಳೆದನು. ಮೊದಲು ತೆಂಗಿನ ನಾರಿನ ಉಂಡೆ, ಅದರ ಕೆಳಗೆ ಹನ್ನೊಂದು ಸೀಸದ ತುಣುಕು, ಆ ಮೇಲೆ ಒದ್ದೆಯಾದ ಕರೆ ಹಿಟ್ಟು. ಬಂದೂಕು ಈಗ ಠಾಣೆಯಲ್ಲಿದೆ, ರಸೀದಿ ಮಾಸ್ತರರ ಬಳಿಯಲ್ಲಿದೆ. ಬೆಳೆ ಕಾಯುವ ಪರವಾನಗಿಗೆ ಅವರ ತಂದೆಯವರ ಹೆಸರಿನಲ್ಲಿ ಅರ್ಜಿ ಹೋಗಿದೆ. ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ.